ಮನೆಯಲ್ಲಿ ಎಳೆಯ ಮಕ್ಕಳ ಸುರಕ್ಷತೆ

ಮನೆಯಲ್ಲಿ ಎಳೆಯ ಮಕ್ಕಳ ಸುರಕ್ಷತೆ ಎಂದರೆ ಐದು ವರ್ಷದೊಳಗಿನ ಮಕ್ಕಳಿಗೆ ಮನೆಯ ಒಳಗೂ ಅಂಗಳ, ಹಿತ್ತಲುಗಳಲ್ಲಿಯೂ ನೀರು, ಬೆಂಕಿ, ವಿಷ, ವಿದ್ಯುತ್ತು ಮೊದಲಾದವುಗಳಿಂದ ಒದಗಬಹುದಾದ ಅಪಾಯಗಳನ್ನು ಮುಂಚಿತವಾಗಿ ಗುರುತಿಸಿ ತಡೆಯುವ ಕ್ರಮ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೃಷಿಕ ಕುಟುಂಬಗಳಲ್ಲಿ ಮನೆಯೂ ದುಡಿಮೆಯ ಜಾಗವೂ ಒಂದೇ ಆಗಿರುವುದು ಸಾಮಾನ್ಯ. ಆದುದರಿಂದ ಇಲ್ಲಿ ಮಕ್ಕಳ ಸುರಕ್ಷತೆಯು ಹೊಸ್ತಿಲಿಗೆ ಮುಗಿಯುವುದಿಲ್ಲ.

ಹಿನ್ನೆಲೆ

ಹುಣಸೂರು ಮತ್ತು ಪಿರಿಯಾಪಟ್ಟಣ ಹೊಗೆಸೊಪ್ಪಿನ ಬೆಳೆಗೆ ಹೆಸರಾದವು. ಕೃಷ್ಣರಾಜನಗರದಲ್ಲಿ ಕಾವೇರಿಯ ನಾಲೆಗಳ ನೀರಿನಿಂದ ಭತ್ತ ಬೆಳೆಯುತ್ತಾರೆ. ಹೆಗ್ಗಡದೇವನಕೋಟೆಯಲ್ಲಿ ಕಬಿನಿ ಜಲಾಶಯವೂ ಕಾಡಂಚಿನ ಊರುಗಳೂ ಇವೆ. ಬೆಳೆಗೆ ತಕ್ಕಂತೆ ಮನೆಯ ಸುತ್ತಣ ಅಪಾಯವೂ ಬದಲಾಗುತ್ತದೆ. ಮಗು ಆರರಿಂದ ಹತ್ತು ತಿಂಗಳ ನಡುವೆ ತೆವಳಲು, ಸುಮಾರು ಒಂದು ವರ್ಷಕ್ಕೆ ನಡೆಯಲು ತೊಡಗುತ್ತದೆ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಈ ವಯಸ್ಸಿನಲ್ಲಿ ಎಚ್ಚರಿಕೆಯ ಮಾತು ಫಲಿಸದು. ಮಗುವಿಗೂ ಅಪಾಯಕ್ಕೂ ನಡುವೆ ಬಾಗಿಲು, ಬೀಗ, ಮುಚ್ಚಳ ಅಥವಾ ಬೇಲಿ ಇರಬೇಕು.

ನೀರು

ಲೋಕದಾದ್ಯಂತ ನೀರಿನಲ್ಲಿ ಮುಳುಗಿ ಸಾಯುವವರ ಪ್ರಮಾಣ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅತಿ ಹೆಚ್ಚು. ಮಗುವಿನ ತಲೆಯ ಭಾರ ಹೆಚ್ಚಾದುದರಿಂದ ಬಕೆಟ್ಟಿನೊಳಕ್ಕೆ ಬಗ್ಗಿ ಬಿದ್ದರೆ ತಾನೇ ಮೇಲೇಳಲಾರದು. ಕೆಲವೇ ಅಂಗುಲ ನೀರೂ ಸಾಕು, ಸದ್ದೂ ಆಗುವುದಿಲ್ಲ. ಬಳಸಿದ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕುವುದು, ನೆಲತೊಟ್ಟಿ ಹಾಗೂ ದನಗಳ ತೊಟ್ಟಿಗೆ ಮುಚ್ಚಳವಿಡುವುದು, ಕೃಷಿಹೊಂಡಕ್ಕೆ ಬೇಲಿ ಹಾಕುವುದು ಅವಶ್ಯಕ.

ನೀರು ಬಾರದ ಕೊಳವೆಬಾವಿಗಳು ಬೇರೊಂದು ಬಗೆಯ ಅಪಾಯ. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕಿ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದೊಳಗಿನ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಮೇಲೆತ್ತಲಾಯಿತು. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಈ ಕುರಿತು ಮಾರ್ಗಸೂಚಿ ನೀಡಿದೆ. ಅದರಂತೆ ಕೊರೆಯುವಾಗ ಸುತ್ತ ಬೇಲಿ ಇರಬೇಕು, ಕೊಳವೆಯ ಬಾಯಿಗೆ ಬಿಗಿಯಾದ ಉಕ್ಕಿನ ಮುಚ್ಚಳ ಹಾಕಬೇಕು ಮತ್ತು ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಬಾಯಿಗೆ ಗೋಣಿಚೀಲ ಕಟ್ಟುವುದು, ಕಲ್ಲು ಮುಚ್ಚುವುದು ಇದಕ್ಕೆ ಸಮನಲ್ಲ.

ವಿಷ ಮತ್ತು ಹೊಗೆಸೊಪ್ಪು

ಕೀಟನಾಶಕ, ಕಳೆನಾಶಕ, ಸೀಮೆಎಣ್ಣೆಗಳನ್ನು ತಂಪುಪಾನೀಯದ ಅಥವಾ ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವ ರೂಢಿಯು ಅತ್ಯಂತ ಅಪಾಯಕರ. ಇವನ್ನು ಮೂಲ ಡಬ್ಬಿಯಲ್ಲಿಯೇ, ಮಲಗುವ ಹಾಗೂ ಅಡುಗೆಯ ಕೋಣೆಗಳ ಹೊರಗೆ ಬೀಗದಲ್ಲಿಡಬೇಕು. ಹಸಿ ಹೊಗೆಸೊಪ್ಪಿನ, ಅದರಲ್ಲಿಯೂ ಒದ್ದೆ ಎಲೆಯ, ನಿಕೋಟಿನ್ ಚರ್ಮದ ಮೂಲಕ ಮೈ ಸೇರಿ ವಾಂತಿ, ತಲೆಸುತ್ತು ತರಬಲ್ಲದು. ಆದ್ದರಿಂದ ಎಲೆಯನ್ನು ಕಡ್ಡಿಗೆ ಕಟ್ಟುವ ಜಾಗದಲ್ಲಿ ಮಗುವನ್ನು ಮಲಗಿಸಬಾರದು. ಕೆಲಸ ಮಾಡಿದವರು ಕೈತೊಳೆದು ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಬೇಕು. ವಿಷ ಅಥವಾ ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಸೀಮೆಎಣ್ಣೆ ಶ್ವಾಸಕೋಶಕ್ಕಿಳಿದರೆ ಹಾನಿ ಹೆಚ್ಚು. ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು.

ಬೆಂಕಿ

ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಲ್ಲಿ ಹಲವು ದಿನ ಹಗಲಿರುಳೂ ಉರಿ ಇರುತ್ತದೆ. ಕೊನೆಯ ಹಂತದಲ್ಲಿ ಒಳಗಣ ಉಷ್ಣತೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಲೆಬಾಯಿಯ ಸುತ್ತ ತಡೆಗಟ್ಟೆ ಬೇಕು. ಮನೆಯೊಳಗೆ ನೆಲದ ಒಲೆ, ಸ್ನಾನದ ಹಂಡೆ, ಕೆಳಗಿಳಿಸಿಟ್ಟ ಬಿಸಿ ಸಾರಿನ ಪಾತ್ರೆಗಳಿಂದ ಸುಟ್ಟಗಾಯಗಳಾಗುತ್ತವೆ. ಸುಟ್ಟ ಭಾಗಕ್ಕೆ 20 ನಿಮಿಷ ತಣ್ಣೀರು ಹರಿಸಬೇಕೇ ಹೊರತು ಶಾಯಿ, ಟೂತ್‌ಪೇಸ್ಟು, ಎಣ್ಣೆ ಹಚ್ಚಬಾರದು.

ಹಾವು

ಕಟ್ಟುಹಾವು ರಾತ್ರಿ ಸಂಚಾರಿ. ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವು ಅಲ್ಪವಾದುದರಿಂದ ಕಡಿತ ಗೊತ್ತಾಗದೆಯೂ ಹೋಗಬಹುದು. ಮಂಚ ಮತ್ತು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ರಕ್ಷಣೆ ನೀಡುತ್ತವೆ. ಕಚ್ಚಿದ ಭಾಗವನ್ನು ಕೊಯ್ಯುವುದು, ಹುರಿಯಿಂದ ಬಿಗಿಯುವುದು ಸಲ್ಲದು. ಕರ್ನಾಟಕವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಮೇಲ್ವಿಚಾರಣೆ

ಬೇಲಿ, ಬೀಗಗಳಿದ್ದರೂ ನೋಡಿಕೊಳ್ಳುವವರೊಬ್ಬರು ಬೇಕು. ನಾಟಿ, ಕೊಯ್ಲು, ಎಲೆ ಮುರಿಯುವ ದಿನಗಳಲ್ಲಿ ಮನೆಮಂದಿಯೆಲ್ಲ ಕೆಲಸಕ್ಕಿಳಿಯುತ್ತಾರೆ. ಮಗುವನ್ನು ಅದಕ್ಕಿಂತ ಎರಡು ಮೂರು ವರ್ಷ ದೊಡ್ಡದಾದ ಅಕ್ಕನಿಗೋ ಅಣ್ಣನಿಗೋ ಒಪ್ಪಿಸುವುದೂ ಉಂಟು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷದ ನಂತರವೇ ಆರಂಭವಾಗುವುದರಿಂದ ಅಪಾಯ ಹೆಚ್ಚಾಗಿರುವ ಅದಕ್ಕೂ ಮುಂಚಿನ ವಯಸ್ಸು ತೆರವಾಗಿಯೇ ಉಳಿಯುತ್ತದೆ. ಶಿಶುಪಾಲನಾ ಕೇಂದ್ರಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ಮುಳುಗುಸಾವು ತಡೆಯುವ ಮುಖ್ಯ ಉಪಾಯಗಳಲ್ಲಿ ಒಂದೆಂದು ಶಿಫಾರಸು ಮಾಡಿದೆ. ಕರ್ನಾಟಕದಲ್ಲಿ 2023ರಲ್ಲಿ ಪ್ರಕಟವಾದ ‘ಕೂಸಿನ ಮನೆ’ ಯೋಜನೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಂತಹ ಕೇಂದ್ರಗಳನ್ನು ಒದಗಿಸುವ ಉದ್ದೇಶದ್ದು.

ತುರ್ತು ನೆರವು

ಆಂಬ್ಯುಲೆನ್ಸ್‌ಗೆ 108, ಎಲ್ಲ ಬಗೆಯ ತುರ್ತಿಗೆ 112, ಮಕ್ಕಳ ಸಹಾಯವಾಣಿಗೆ 1098 ಸಂಖ್ಯೆಗಳು ಬಳಕೆಯಲ್ಲಿವೆ. ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳಿವೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯು ಮಹಿಳೆಯರು ಮತ್ತು ಮಕ್ಕಳಿಗೆ ಮೀಸಲಾದ ಸರ್ಕಾರಿ ಆಸ್ಪತ್ರೆಯಾಗಿದೆ.