ಗಣಿತಸಾರಸಂಗ್ರಹದ 12345654321: ಅಂಕಿಗಳ ಸಮಮಿತಿ ಮತ್ತು ಭಾಜಕಗಳ ರಚನೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಕೊಡುವ ಲೆಕ್ಕಗಳಿವೆ. 27994681ನ್ನು 441ರಿಂದ ಗುಣಿಸಿದಾಗ ಬರುವ 12345654321, ಒಂದರಿಂದ ಆರರವರೆಗೆ ಏರಿ ಬಂದ ದಾರಿಯಲ್ಲೇ ಇಳಿಯುವ ಸಂಖ್ಯೆಯಾಗಿದ್ದು, ಅವುಗಳಲ್ಲಿ ಹೆಚ್ಚು ಪರಿಶೀಲನೆಗೆ ಅರ್ಹವಾಗಿದೆ.

ಗುಣ್ಯ, ಗುಣಕಗಳೆರಡರಲ್ಲೂ ಈ ಸಮಮಿತಿಯ ಸುಳಿವಿಲ್ಲ. ಆದರೆ 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111 ಆಗುವುದರಿಂದ, ಇಡೀ ಸಂಖ್ಯೆಯು ಆರು ಒಂದುಗಳ ವರ್ಗವೆಂಬುದು ಸ್ಪಷ್ಟವಾಗುತ್ತದೆ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ, ಒಂದೊಂದು ಸ್ಥಾನ ಸರಿಸಿ ಬರೆದ ಆರು ಸಾಲುಗಳ ಕಂಬಗಳಲ್ಲಿ ಕ್ರಮವಾಗಿ ಒಂದು, ಎರಡು ಎಂದು ಆರರವರೆಗೆ ಏರಿ ಮತ್ತೆ ಇಳಿಯುವ ಮೊತ್ತಗಳು ನಿಲ್ಲುತ್ತವೆ. ಯಾವ ಮೊತ್ತವೂ ಒಂಬತ್ತನ್ನು ಮೀರದ ಕಾರಣ ಮುಂದಿನ ಸ್ಥಾನಕ್ಕೆ ದಶಕವನ್ನು ಒಯ್ಯುವ ಪ್ರಸಂಗ ಬರುವುದಿಲ್ಲ. ಒಂಬತ್ತು ಒಂದುಗಳವರೆಗೆ ನಿಲ್ಲುವ ಈ ಕ್ರಮ ಹತ್ತನೆಯದರಲ್ಲಿ ಮುರಿದು, 1234567900987654321 ಎಂಬ ಸಮಮಿತಿಯಿಲ್ಲದ ಸಂಖ್ಯೆ ದೊರೆಯುತ್ತದೆ. ಹತ್ತರ ಬದಲು ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವುದೇ ಆಧಾರಸಂಖ್ಯೆಯ ಪದ್ಧತಿಯಲ್ಲಿ ಇದೇ ಅಂಕಿಗಳನ್ನು ಓದಿದರೂ ಅದು ಆರು ಒಂದುಗಳ ವರ್ಗವೇ ಆಗಿರುತ್ತದೆ. ಆದ್ದರಿಂದ ಈ ಸಮಮಿತಿಯು ದಶಮಾನ ಪದ್ಧತಿಯ ಆಕಸ್ಮಿಕವಲ್ಲ.

ಅಂಕಿಗಳ ವಿನ್ಯಾಸವನ್ನು ಬದಿಗಿಟ್ಟು ಭಾಜಕಗಳನ್ನು ಗಮನಿಸಿದರೆ ಇನ್ನೂ ಗಹನವಾದ ವಿಷಯ ಎದುರಾಗುತ್ತದೆ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ, ಎಂದರೆ ಒಂದರಿಂದ ಮತ್ತು ತಮ್ಮಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳ, ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ ಬರುವುದರಿಂದ ಒಟ್ಟು ಭಾಜಕಗಳು 243, ಅವುಗಳ ಮೊತ್ತ 25375524993. ಇದು ಮೂಲಸಂಖ್ಯೆಯ ಇಮ್ಮಡಿಗಿಂತ 684216351ರಷ್ಟು ಹೆಚ್ಚು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ತನಗಿಂತ ದೊಡ್ಡದಾಗಿರುವ ಇಂಥ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ ಎನ್ನಬಹುದು. ಬೆಸಸಂಖ್ಯೆಗಳಲ್ಲಿ ಈ ಗುಣ ವಿರಳ. ಅವುಗಳಲ್ಲಿ ಅತಿ ಚಿಕ್ಕದು 945.

ಈ ಸಮೃದ್ಧಿ ಎಷ್ಟು ನವಿರಾದ ಆಧಾರದ ಮೇಲೆ ನಿಂತಿದೆಯೆಂಬುದು ನಿಜಕ್ಕೂ ಬೆರಗು ಹುಟ್ಟಿಸುವಂಥದು. 37ನ್ನು ತೆಗೆದುಹಾಕಿದರೆ ಉಳಿಯುವುದು 3003ರ ವರ್ಗವಾದ 9018009. ಇದರ ಭಾಜಕಗಳ ಮೊತ್ತ 18035199 ಆಗಿದ್ದು, ಇಮ್ಮಡಿಯಾದ 18036018ಕ್ಕೆ ಕೇವಲ 819 ಕಡಿಮೆಯಾಗುತ್ತದೆ. ಮೊತ್ತವು ಇಮ್ಮಡಿಗೆ ಸರಿಯಾಗಿ ಸಮವಾಗಿದ್ದಲ್ಲಿ ಅದು ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಬೆಸ ಪರಿಪೂರ್ಣ ಸಂಖ್ಯೆಯೊಂದು ಇದೆಯೇ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲವಾದರೂ, ಬೆಸ ವರ್ಗಸಂಖ್ಯೆಗಳ ಮಟ್ಟಿಗೆ ಉತ್ತರ ಖಚಿತವಾಗಿದೆ: ವರ್ಗದ ಭಾಜಕಗಳ ಎಣಿಕೆ ಯಾವಾಗಲೂ ಬೆಸ, ಇಲ್ಲಿ ಪ್ರತಿಯೊಂದು ಭಾಜಕವೂ ಬೆಸ, ಹಾಗಾಗಿ ಮೊತ್ತವೂ ಬೆಸವಾಗಿ, ಸಮಸಂಖ್ಯೆಯಾದ ಇಮ್ಮಡಿಯನ್ನು ಅದು ಎಂದಿಗೂ ಮುಟ್ಟಲಾರದು. ಅದು ಕೊರತೆಯ ಬದಿಗಾದರೂ ಮಿಗುತೆಯ ಬದಿಗಾದರೂ ಇರಲೇಬೇಕು; 3003ರ ವರ್ಗ ಮೊದಲನೆಯ ಬದಿಗೆ ನಿಂತರೆ, 37ರ ವರ್ಗದಿಂದ ಗುಣಿತವಾದೊಡನೆ ಸಂಖ್ಯೆಯು 1369 ಪಟ್ಟು ಬೆಳೆದು, ಭಾಜಕಗಳ ಮೊತ್ತ ಮಾತ್ರ 1407 ಪಟ್ಟು ಬೆಳೆಯುವುದರಿಂದ, ಮಹಾವೀರಾಚಾರ್ಯನ ಸಂಖ್ಯೆ ಎರಡನೆಯ ಬದಿಗೆ ಸೇರುತ್ತದೆ.