ಸ್ಥೂಲಕಾಯಕ್ಕೆ ಶಸ್ತ್ರಚಿಕಿತ್ಸೆ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ದೇಹದಲ್ಲಿ ಕೊಬ್ಬಿನ ಸಂಗ್ರಹವು ಆರೋಗ್ಯಕ್ಕೆ ಹಾನಿಯಾಗುವ ಮಟ್ಟವನ್ನು ಮುಟ್ಟಿದಾಗ ಅದನ್ನು ಸ್ಥೂಲಕಾಯ ಅಥವಾ ಬೊಜ್ಜು ಎಂದು ಕರೆಯಲಾಗುತ್ತದೆ. ಇದು ಕೇವಲ ಅಂದಚೆಂದಕ್ಕೆ ಸಂಬಂಧಿಸಿದ ವಿಷಯವಲ್ಲ. ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮುಂತಾದವುಗಳಿಗೆ ಇದು ಕಾರಣವಾಗುತ್ತದೆ. ಆಹಾರ ನಿಯಂತ್ರಣ, ವ್ಯಾಯಾಮ ಮತ್ತು ಔಷಧಗಳಿಂದ ಸಾಕಷ್ಟು ಫಲ ದೊರೆಯದಿದ್ದಲ್ಲಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಇದಕ್ಕಿಂತ ಬೇರೆಯಾಗಿದ್ದು, ಅದು ಸ್ಥೂಲಕಾಯಕ್ಕೆ ಚಿಕಿತ್ಸೆಯಲ್ಲ.

ಶಸ್ತ್ರಚಿಕಿತ್ಸೆಯ ವಿಧಾನಗಳು

ಜಠರದಿಂದ ಸಣ್ಣ ಕರುಳಿಗೆ ಹೊಸ ದಾರಿ ಕಲ್ಪಿಸುವ ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು ರೂಪಿಸಿದರು. ಈಗ ಹೆಚ್ಚಾಗಿ ಹೊಟ್ಟೆಯ ಮೇಲೆ ಸಣ್ಣ ರಂಧ್ರಗಳನ್ನು ಮಾಡಿ ಲ್ಯಾಪ್ರೊಸ್ಕೋಪಿ ಮೂಲಕ ಚಿಕಿತ್ಸೆ ನೀಡಲಾಗುತ್ತದೆ. ಪ್ರಮುಖ ವಿಧಾನಗಳು ಈ ಕೆಳಕಂಡಂತಿವೆ:

1. ಸ್ಲೀವ್ ಗ್ಯಾಸ್ಟ್ರೆಕ್ಟಮಿ: ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಕೊಳವೆಯಾಕಾರಕ್ಕೆ ತರಲಾಗುತ್ತದೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಪ್ರಮಾಣವೂ ತಗ್ಗುತ್ತದೆ. ತೆಗೆದ ಭಾಗವನ್ನು ಮರಳಿ ಜೋಡಿಸಲಾಗದು.

2. ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಸಣ್ಣ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಇದರಿಂದ ಆಹಾರದ ಪ್ರಮಾಣವು ಕಡಿಮೆಯಾಗುವುದಲ್ಲದೆ ಹಸಿವು ಮತ್ತು ರಕ್ತದ ಸಕ್ಕರೆಯನ್ನು ನಿಯಂತ್ರಿಸುವ ಹಾರ್ಮೋನುಗಳಲ್ಲಿಯೂ ಬದಲಾವಣೆಯಾಗುತ್ತದೆ.

ಯಾರಿಗೆ ಸೂಕ್ತ?

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಬಿ.ಎಂ.ಐ. ಉದಾಹರಣೆಗೆ, 160 ಸೆಂಟಿಮೀಟರ್ ಎತ್ತರ ಹಾಗೂ 95 ಕಿಲೋ ತೂಕವುಳ್ಳವರ ಬಿ.ಎಂ.ಐ. ಸುಮಾರು 37 ಆಗುತ್ತದೆ.

ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ಹೃದ್ರೋಗ ಕಾಣಿಸಿಕೊಳ್ಳುವುದರಿಂದ ಬಿ.ಎಂ.ಐ. 25 ದಾಟಿದರೆ ಸ್ಥೂಲಕಾಯವೆಂದು ಪರಿಗಣಿಸಲಾಗುತ್ತದೆ. ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಟನೆಗಳು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಏಷ್ಯಾ ಮೂಲದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯ ಅವಕಾಶ ನೀಡಬಹುದು. ಆದರೆ ವೈದ್ಯಕೀಯವಾಗಿ ಅರ್ಹರಾದವರೆಲ್ಲರೂ ವಿಮೆಗೆ ಅರ್ಹರಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಆರೋಗ್ಯ ವಿಮೆ ಹೊಂದಿರುವವರ ಗಮನಕ್ಕೆ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಪ್ರಮಾಣಿತ ಷರತ್ತಿನಂತೆ, ಈ ಕೆಳಗಿನ ಎಲ್ಲ ಅಂಶಗಳು ಪೂರೈಕೆಯಾಗದಿದ್ದಲ್ಲಿ ಸ್ಥೂಲಕಾಯದ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಿಮಾ ರಕ್ಷಣೆಯಿಂದ ಹೊರಗಿಡಬಹುದಾಗಿದೆ:

1. ಶಸ್ತ್ರಚಿಕಿತ್ಸೆಯು ವೈದ್ಯರ ಸಲಹೆಯ ಮೇರೆಗೆ ನಡೆದಿರಬೇಕು.
2. ಅದು ಅಂಗೀಕೃತ ವೈದ್ಯಕೀಯ ಕ್ರಮಕ್ಕೆ ಅನುಗುಣವಾಗಿರಬೇಕು.
3. ವಿಮಾದಾರರಿಗೆ 18 ವರ್ಷ ತುಂಬಿರಬೇಕು.
4. ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು, ಇತರ ಸರಳ ವಿಧಾನಗಳು ವಿಫಲವಾದ ನಂತರವೂ ಸ್ಥೂಲಕಾಯ ಸಂಬಂಧಿತ ಹೃದಯ ಸ್ನಾಯು ರೋಗ, ಹೃದಯದ ರಕ್ತನಾಳಗಳ ಕಾಯಿಲೆ, ತೀವ್ರ ಸ್ವರೂಪದ ನಿದ್ರಾ ಉಸಿರು ಕಟ್ಟುವಿಕೆ ಅಥವಾ ಹತೋಟಿಗೆ ಬಾರದ ಎರಡನೆಯ ಬಗೆಯ ಮಧುಮೇಹ ಇವುಗಳಲ್ಲಿ ಒಂದಾದರೂ ಇರಬೇಕು.

ಮೇಲ್ಕಂಡ 160 ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ 95 ಕಿಲೋ ತೂಕವೊಂದೇ ಸಾಲದು. ಹೇಳಿದ ಕಾಯಿಲೆಗಳಲ್ಲಿ ಒಂದು ಇರುವುದನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಆದುದರಿಂದ ತೂಕ ಮತ್ತು ಎತ್ತರ ನಮೂದಿಸಿದ ವೈದ್ಯರ ಚೀಟಿ, ಆಹಾರ ತಜ್ಞರ ಸಲಹೆಯ ದಾಖಲೆ, ಔಷಧ ಚೀಟಿಗಳು, ಸಕ್ಕರೆ ಮತ್ತು ನಿದ್ರಾ ಪರೀಕ್ಷೆಯ ವರದಿಗಳನ್ನು ಮೊದಲಿನಿಂದಲೇ ಜೋಪಾನವಾಗಿಡುವುದು ಅವಶ್ಯಕ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸುವ ಮೊದಲು ಪಾಲಿಸಿಯಲ್ಲಿನ ಕಾಯುವಿಕೆ ಅವಧಿಯನ್ನು ಪರಿಶೀಲಿಸಿ, ವಿಮಾ ಕಂಪನಿಯಿಂದ ಲಿಖಿತ ಪೂರ್ವಾನುಮತಿ ಪಡೆಯುವುದು ಸೂಕ್ತ.

ಪ್ರಯೋಜನ ಮತ್ತು ಅಪಾಯ

ಮೊದಲ ಒಂದೆರಡು ವರ್ಷಗಳಲ್ಲಿ ಅನೇಕರ ತೂಕವು ಒಟ್ಟು ತೂಕದ ಕಾಲು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹಲವರಲ್ಲಿ ಮಧುಮೇಹವು ಔಷಧವಿಲ್ಲದೆಯೇ ಹತೋಟಿಗೆ ಬರುತ್ತದೆ. ಆದರೆ ವರ್ಷಗಳ ನಂತರ ಮರುಕಳಿಸುವುದೂ ಉಂಟು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣ ಪ್ರಮಾಣವು ಕಡಿಮೆಯಾಗಿರುವುದನ್ನು 2007ರಲ್ಲಿ ವರದಿ ಮಾಡಿತು.

ರಕ್ತಸ್ರಾವ, ಹೊಲಿಗೆಯ ಜಾಗದಲ್ಲಿ ಸೋರಿಕೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸಾಗುವುದು ಇವು ಮುಖ್ಯ ಅಪಾಯಗಳು. ಮನೆಗೆ ಮರಳಿದ ಮೇಲೆ ಜ್ವರ, ತೀವ್ರ ಹೊಟ್ಟೆನೋವು, ಏರಿದ ನಾಡಿಬಡಿತ, ಉಸಿರಾಟದ ತೊಂದರೆ ಅಥವಾ ಕಾಲಿನ ಊತ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು. ವಾಂತಿ ನಿಲ್ಲದೆ ಮುಂದುವರಿದರೆ ಬಿ-1 ಜೀವಸತ್ವದ ಕೊರತೆಯಿಂದ ನರಗಳಿಗೆ ಶಾಶ್ವತ ಹಾನಿಯಾಗಬಹುದಾದ್ದರಿಂದ ಅದನ್ನು ಅಜೀರ್ಣವೆಂದು ಕಡೆಗಣಿಸಬಾರದು.

ನಂತರದ ಜೀವನಕ್ರಮ

ಶಸ್ತ್ರಚಿಕಿತ್ಸೆಯೊಂದಿಗೆ ಚಿಕಿತ್ಸೆ ಮುಗಿಯುವುದಿಲ್ಲ. ಜೀವನಪರ್ಯಂತದ ಪಾಲನೆ ಅಲ್ಲಿಂದ ಆರಂಭವಾಗುತ್ತದೆ.

* ಮೊದಲು ದ್ರವಾಹಾರ, ಅನಂತರ ನುಣ್ಣಗೆ ಮಾಡಿದ ಆಹಾರ, ಕ್ರಮೇಣ ಮೆತ್ತಗಿನ ಅನ್ನ, ಬೇಳೆ ಹೀಗೆ ಹಂತಹಂತವಾಗಿ ಮುಂದುವರಿಯಬೇಕು. ಊಟದೊಂದಿಗೆ ನೀರು ಕುಡಿಯಬಾರದು.
* ಬೇಳೆಕಾಳು, ಮೊಸರು, ಮೊಟ್ಟೆ ಮುಂತಾದ ಸಸಾರಜನಕಯುಕ್ತ ಆಹಾರಕ್ಕೆ ಆದ್ಯತೆ ನೀಡಬೇಕು. ಸಿಹಿ ತಿಂಡಿಯಿಂದ ತಲೆಸುತ್ತು, ಬೆವರು ಹಾಗೂ ಭೇದಿ ಉಂಟಾಗಬಹುದು.
* ಬಿ-12, ಕಬ್ಬಿಣಾಂಶ, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಪೂರಕಗಳನ್ನು ವೈದ್ಯರ ಸೂಚನೆಯಂತೆ ಜೀವನಪೂರ್ತಿ ಸೇವಿಸಬೇಕು. ಸಸ್ಯಾಹಾರಿಗಳು ಬಿ-12ರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.
* ಮಧುಮೇಹ ಮತ್ತು ರಕ್ತದೊತ್ತಡದ ಔಷಧಗಳ ಪ್ರಮಾಣವನ್ನು ವೈದ್ಯರು ಮರುನಿಗದಿ ಮಾಡಬೇಕಾಗುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅಥವಾ ರಕ್ತದೊತ್ತಡ ಅಪಾಯಕರವಾಗಿ ಇಳಿಯಬಹುದು.
* ಮಹಿಳೆಯರು 12ರಿಂದ 18 ತಿಂಗಳವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳನ್ನು ಮಾತ್ರ ನಂಬಬಾರದು.
* ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಮದ್ಯವು ಬೇಗನೆ ಮತ್ತು ಹೆಚ್ಚಾಗಿ ಅಮಲೇರಿಸುವುದರಿಂದ ಅದರಿಂದ ದೂರವಿರುವುದು ಕ್ಷೇಮ.

ನಿರ್ಧರಿಸುವ ಮುನ್ನ

ಯಾವ ವಿಧಾನ, ಏಕೆ, ಒಟ್ಟು ವೆಚ್ಚವೆಷ್ಟು, ಐದು ವರ್ಷಗಳ ನಂತರವೂ ತಪಾಸಣೆಗೆ ಯಾರನ್ನು ಕಾಣಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ವೈದ್ಯರಿಂದ ಸ್ಪಷ್ಟ ಉತ್ತರ ಪಡೆಯಬೇಕು. ಪ್ರತಿವರ್ಷದ ರಕ್ತಪರೀಕ್ಷೆ ಮತ್ತು ಪೂರಕಗಳ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಮನೆಯವರೊಂದಿಗೆ ಚರ್ಚಿಸಿದ ನಂತರವೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವುದು ಉತ್ತಮ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಬಗ್ಗೆ ತಜ್ಞ ವೈದ್ಯರ ಸಲಹೆ ಹಾಗೂ ವಿಮೆಯ ಬಗ್ಗೆ ತಮ್ಮ ಪಾಲಿಸಿಯ ಷರತ್ತುಗಳೇ ಅಂತಿಮವಾಗಿರುತ್ತವೆ.