ಸಿಂಪಿಯ ಜಾಡಿನಲ್ಲಿ ಬೆಳೆದ ಸಂಸ್ಥೆ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ (ಎಫ್‌ಡಿಎ) ಈಗಿನ ಹೆಸರು ಬಂದದ್ದು 1930ರಲ್ಲಿ. ಕೆಲಸ ಶುರುವಾದದ್ದು ಅದಕ್ಕೂ ಮೊದಲು, ಕೃಷಿ ಇಲಾಖೆಯ ರಸಾಯನಶಾಸ್ತ್ರ ವಿಭಾಗದಲ್ಲಿ. ವಿಭಾಗದ ಮುಖ್ಯಸ್ಥ ಹಾರ್ವೆ ವೈಲಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶುದ್ಧ ಆಹಾರ ಕಾನೂನಿಗೆ ಸಹಿ ಹಾಕಿದರು. ಈ ಕಾನೂನಿನ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿಕೊಟ್ಟದ್ದು ಸಿಂಪಿ.

ಸಿಂಪಿಯನ್ನು ಅಲ್ಲಿನವರು ಹಸಿಯಾಗಿಯೇ ತಿನ್ನುತ್ತಿದ್ದರು. ಅದೋ, ನೀರನ್ನು ಸೋಸಿ ಬದುಕುವ ಜೀವಿ. ನೀರಿನಲ್ಲಿ ಕೊಳಚೆಯಿದ್ದರೆ ಅದರ ರೋಗಾಣುಗಳೂ ಒಡಲೊಳಗೆ ಸೇರುತ್ತವೆ. ಸಾಲದ್ದಕ್ಕೆ, ಮಾರುವ ಮುನ್ನ ಅವುಗಳನ್ನು ನದೀಮುಖದ ಸಪ್ಪೆ ನೀರಿನಲ್ಲಿ ಒಂದೆರಡು ದಿನ ಇಟ್ಟು ಉಬ್ಬಿಸುವ ರೂಢಿಯಿತ್ತು. 1894ರಲ್ಲಿ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಸಿಂಪಿ ಉಂಡ ವಿದ್ಯಾರ್ಥಿಗಳಿಗೆ ಟೈಫಾಯಿಡ್ ತಗುಲಿ ನಾಲ್ವರು ತೀರಿಕೊಂಡರು. ಪ್ರಾಧ್ಯಾಪಕ ಎಚ್. ಡಬ್ಲ್ಯು. ಕಾನ್ ಜಾಡು ಹಿಡಿದು ಹೋದಾಗ, ಆ ಸಿಂಪಿಗಳನ್ನು ಉಬ್ಬಿಸಿದ ಜಾಗದ ಹತ್ತಿರವೇ ಟೈಫಾಯಿಡ್ ರೋಗಿಗಳಿದ್ದ ಮನೆಯ ಚರಂಡಿ ಬಂದು ಸೇರುತ್ತಿದ್ದುದು ಗೊತ್ತಾಯಿತು.

ಹೊಲಸು ಸೇರಿದ ಪ್ರಾಣಿಜನ್ಯ ಆಹಾರವೂ ಕಲಬೆರಕೆಯೇ ಎಂದು ಹೊಸ ಕಾನೂನು ಸಾರಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ವಿಭಾಗದವರು ಕೊಳಕು ನೀರಿನ ಸಿಂಪಿಯ ಸಾಗಣೆಗೆ ತಡೆ ಒಡ್ಡಿದರು. ವಿಭಾಗದ ಜಾರ್ಜ್ ಸ್ಟೈಲ್ಸ್ ಚರಂಡಿ ನೀರಿನಿಂದ ಚಿಪ್ಪುಮೀನು ಕೆಡುವುದನ್ನು ಪರೀಕ್ಷಿಸಿ 1911ರಲ್ಲಿ ವರದಿ ಕೊಟ್ಟರು. ರುಚಿಯಲ್ಲಾಗಲಿ ನೋಟದಲ್ಲಾಗಲಿ ದೋಷ ಕಾಣದ ಸರಕನ್ನು ಹಿಡಿಯಲು ಪ್ರಯೋಗಾಲಯವೇ ಸಾಕ್ಷಿಯಾಗಬೇಕಿತ್ತು.

ಆದರೆ ಕೇಂದ್ರದ ಕೈ ರಾಜ್ಯದ ಗಡಿ ದಾಟಿ ಸಾಗುವ ಸರಕಿಗಷ್ಟೇ ಚಾಚುತ್ತಿತ್ತು. ಸಿಂಪಿ ಬೆಳೆಯುವ ಕೊಲ್ಲಿ ರಾಜ್ಯದ್ದು, ಚರಂಡಿ ಊರಿನದು. ಪೀಪಾಯಿ ಜಪ್ತಿ ಮಾಡಿದರೆ ಆ ಪೀಪಾಯಿಯ ಅಪಾಯ ತಪ್ಪೀತು. ನೀರು ಹಾಗೆಯೇ ಉಳಿಯುತ್ತಿತ್ತು. 1924–25ರ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್‌ಗಳಲ್ಲಿ ಸಿಂಪಿಯಿಂದ ಟೈಫಾಯಿಡ್ ಹಬ್ಬಿ, ಸುಮಾರು 1,500 ಮಂದಿ ಹಾಸಿಗೆ ಹಿಡಿದರು. ಸುಮಾರು 150 ಮಂದಿ ಸತ್ತರು. ವ್ಯಾಪಾರ ನೆಲಕಚ್ಚಿತು. ಆಗ ಬೆಳೆಗಾರರೇ ಮುಂದೆ ಬಂದು ನಿಗಾ ಬೇಕೆಂದರು.

1925ರ ಫೆಬ್ರವರಿಯಲ್ಲಿ ಕೇಂದ್ರದ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥ, ಸರ್ಜನ್ ಜನರಲ್ ಹ್ಯೂ ಕಮಿಂಗ್ ಕರೆದ ಸಭೆಯಲ್ಲಿ ಹೊಣೆ ಹಂಚಿಕೆಯಾಯಿತು: ರಾಜ್ಯಗಳು ನೀರನ್ನು ಪರೀಕ್ಷಿಸಿ ವ್ಯಾಪಾರಿಗೆ ಪ್ರಮಾಣಪತ್ರ ಕೊಡಬೇಕು, ಸಾರ್ವಜನಿಕ ಆರೋಗ್ಯ ಸೇವೆ ರಾಜ್ಯಗಳ ಕೆಲಸವನ್ನು ಒರೆಗೆ ಹಚ್ಚಬೇಕು, ಉದ್ಯಮ ನಿಯಮ ಪಾಲಿಸಬೇಕು. 1968ರಲ್ಲಿ ಆ ಉಸ್ತುವಾರಿ ಎಫ್‌ಡಿಎಗೆ ಬಂತು. ಜಪ್ತಿಯ ಅಧಿಕಾರದಿಂದ ಹೊರಟ ಸಂಸ್ಥೆ, ಆರು ದಶಕಗಳ ಬಳಿಕ ಸಿಂಪಿ ಬೆಳೆಯುವ ನೀರಿಗೂ ಉತ್ತರದಾಯಿಯಾಯಿತು.